ಅತ್ತೂರಿನ ದಾರಿಯಲ್ಲಿ

ಹೊರಗಿನವರಿಗೆ ನಂದಿಕೂರು ಎಂದರೆ ಕೊಂಕಣ ರೈಲಿನ ಒಂದು ನಿಲ್ದಾಣ, ಅಡ್ವೆಯ ಕಂಬಳ, ಇಲ್ಲವೇ ಪಕ್ಕದ ಎಲ್ಲೂರಿನ ವಿದ್ಯುತ್ ಸ್ಥಾವರದ ಚಿಮಣಿ. ನನ್ನ ಮಟ್ಟಿಗೆ ಅದು ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ರಸ್ತೆ. ಜನವರಿ ಬಂದರೆ ಸಾಕು, ಈ ರಸ್ತೆಯಲ್ಲಿ ಹೋಗುವವರನ್ನು ಎಲ್ಲಿಗೆಂದು ಕೇಳಬೇಕಾಗಿಲ್ಲ. ಬೆಳ್ಮಣ್, ನಿಟ್ಟೆ ದಾಟಿ ಅತ್ತೂರಿಗೆ, ಸಂತ ಲಾರೆನ್ಸರ ಜಾತ್ರೆಗೆ. ಕ್ರೈಸ್ತ ಪಂಚಾಂಗದಲ್ಲಿ ಈ ಸಂತರ ದಿನ ಆಗಸ್ಟ್ 10. ನಮ್ಮ ಕಡೆಯ ಆಗಸ್ಟಿನ ಮಳೆಯಲ್ಲಿ ಜಾತ್ರೆ ನಡೆಯುವುದುಂಟೇ? ಕೊಯ್ಲು ಮುಗಿದು ಕೈ ಸ್ವಲ್ಪ ಬಿಡುವಾಗುವ ಜನವರಿಯೇ ಇದಕ್ಕೆ ಸರಿ.

ಅತ್ತೂರಿನಲ್ಲಿ ಮೇಣದ ಬತ್ತಿ ಹಚ್ಚುವವರಲ್ಲಿ ಕ್ರೈಸ್ತರೆಷ್ಟು, ಹಿಂದೂಗಳೆಷ್ಟು ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಹರಕೆ ಹೊತ್ತವರು ಹೋಗುತ್ತಾರೆ, ಪುಷ್ಕರಿಣಿಯ ನೀರು ತರುತ್ತಾರೆ. 2016ರಲ್ಲಿ ರೋಮ್ ಇಲ್ಲಿನ ಚರ್ಚನ್ನು, ನಮ್ಮ ಮಾತಿನ ಇಗರ್ಜಿಯನ್ನು, ಬಸಿಲಿಕವೆಂದು ಸಾರಿತು. ಗೌರವ ದೊಡ್ಡದು, ಸಂತೋಷವೇ. ನಮ್ಮೂರ ಹಿರಿಯರ ಬಾಯಲ್ಲಿ ಮಾತ್ರ ಅದು ಹಿಂದೆಯೂ ಅತ್ತೂರು, ಈಗಲೂ ಅತ್ತೂರು.

ನಮ್ಮ ಕಡೆಯ ಇಗರ್ಜಿ ಕಟ್ಟಡಗಳ ವಯಸ್ಸಿನ ಮಾತು ಸ್ವಲ್ಪ ತೊಡಕಿನದು. ಕಾರ್ಕಳದ ಧರ್ಮಕೇಂದ್ರ 1759ರದು, ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ 1678ರದು. ಹಾಗೆಂದು ಇಂದು ಕಣ್ಣಿಗೆ ಕಾಣುವ ಗೋಡೆಗಳೂ ಅಷ್ಟೇ ಹಳೆಯವೆಂದುಕೊಳ್ಳಬಾರದು. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದಾಗ ಇಗರ್ಜಿಗಳನ್ನೂ ಕೆಡವಿದರು. ಕಾರ್ಕಳ, ಮೂಲ್ಕಿ, ನಮಗೆ ಹತ್ತಿರದ ಕಿರೆಂ, ಎಲ್ಲವೂ ಹಾಗೆ ಕೆಡವಿದವುಗಳ ಪಟ್ಟಿಯಲ್ಲಿವೆ. ಮೂಡುಬಿದಿರೆ ಬಳಿಯ ಹೊಸಬೆಟ್ಟಿನ ಹೋಲಿ ಕ್ರಾಸ್ ಇಗರ್ಜಿ ಉಳಿದದ್ದು ಚೌಟ ಅರಸರ ಮಧ್ಯಸ್ಥಿಕೆಯಿಂದ. ಒಬ್ಬ ಜೈನ ಅರಸ ನೆರೆಯವರ ಪೂಜಾಮಂದಿರದ ಪರವಾಗಿ ನಿಂತ ಈ ಸಂಗತಿಯನ್ನು ನಮ್ಮ ಜಿಲ್ಲೆಯ ಪ್ರತಿ ಶಾಲೆಯಲ್ಲೂ ಮಕ್ಕಳಿಗೆ ಹೇಳಬೇಕು. 1799ರಲ್ಲಿ ಸೆರೆ ಬಿಟ್ಟಿತು. ಮರಳಿ ಬಂದವರು ತಮ್ಮ ಮನೆಮಠ, ಗದ್ದೆ ನೋಡಿಕೊಳ್ಳುವುದರ ಜೊತೆಗೇ ಇಗರ್ಜಿಯನ್ನೂ ಮತ್ತೆ ಎಬ್ಬಿಸಿದರು. ಮೊದಲು ಮುಳಿಹುಲ್ಲಿನ ಮಾಡು, ಆಮೇಲೆ ಮುರಕಲ್ಲಿನ ಗೋಡೆ. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಮಾಡುಗಳಿಗೆಲ್ಲ ಕೆಂಪು ಹಂಚು ಬಂತು. ಹಂಚು ಸುಟ್ಟವರು ಪ್ರಾಟೆಸ್ಟೆಂಟರು, ಹೊದ್ದವರು ಕೆಥೊಲಿಕರು, ದೇವಸ್ಥಾನದವರು, ಮಸೀದಿಯವರು.

ಇಗರ್ಜಿ ನಿಜವಾಗಿ ಎಲ್ಲರದಾಗುವುದನ್ನು ನೋಡಬೇಕಿದ್ದರೆ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಮರಿಯಮ್ಮನ ಹುಟ್ಟುಹಬ್ಬಕ್ಕೆ, ಹೋಗಬೇಕು. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಪುಟ್ಟ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಬೇಲಿಯ ದಾಸವಾಳ, ಗೋರಟೆ, ಗದ್ದೆ ಬದಿಯ ಕಾಡುಹೂ, ಯಾವುದಾದರೂ ಆದೀತು. ಹಬ್ಬದ ದಿನ ಪಾದ್ರಿಗಳು ಹೊಸ ತೆನೆಯನ್ನು ಹರಸುತ್ತಾರೆ. ಮನೆಗೊಂದರಂತೆ ಕೊಟ್ಟ ಆ ತೆನೆಯ ಕಾಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ, ಮನೆಮಂದಿಯೆಲ್ಲ ಪ್ರಾರ್ಥಿಸಿ ಸೇವಿಸುತ್ತಾರೆ. ಅಂದು ಮೀನು ಮಾಂಸವಿಲ್ಲ, ಬಾಳೆಲೆಯ ಮೇಲೆ ಬರೀ ತರಕಾರಿ. ಕ್ರೈಸ್ತರಲ್ಲದ ನಾವೂ ತೆನೆ ತಂದು ಮನೆಯ ಕಂಬಕ್ಕೆ ಕಟ್ಟುತ್ತೇವೆ, ಹೊಸಕ್ಕಿ ಊಟ ಮಾಡುತ್ತೇವೆ. ಗದ್ದೆ ಒಂದೇ ಆಗಿರುವಾಗ ಹಬ್ಬ ಬೇರೆಯಾಗುವುದಾದರೂ ಹೇಗೆ?

ಹಬ್ಬದ ಹಾಗೆಯೇ ಊರಿನ ನೆನಪನ್ನೂ ಇಗರ್ಜಿ ಕಾಪಾಡುತ್ತದೆ: ಅದರ ಕಪಾಟಿನಲ್ಲಿ ದಪ್ಪ ದಾಖಲೆ ಪುಸ್ತಕಗಳಿರುತ್ತವೆ. ಜ್ಞಾನಸ್ನಾನ, ಮದುವೆ, ಮರಣ, ಮೂರೂ ಅವುಗಳಲ್ಲಿ ಬರೆದಿರುತ್ತವೆ. ಮುಂಬೈಗೋ ಕೊಲ್ಲಿಗೋ ಹೋದವರ ಮೊಮ್ಮಕ್ಕಳು ಅಜ್ಜನ ಊರು ಹುಡುಕಿಕೊಂಡು ಬಂದರೆ, ಎಷ್ಟೋ ಸಲ ಉತ್ತರ ಸಿಗುವುದು ಈ ಹಾಳೆಗಳಲ್ಲೇ. ಪಕ್ಕದಲ್ಲೇ ಶಾಲೆ. ಕರಾವಳಿಯಲ್ಲಿ ಅಂಥ ಶಾಲೆಗಳಲ್ಲಿ ಅಕ್ಷರ ಕಲಿತ ಎಲ್ಲ ಜಾತಿಯ ಮಕ್ಕಳೂ ಇದ್ದಾರೆ.

ಈಗ ನನ್ನ ಕಳವಳ ಹೇಳುತ್ತೇನೆ. ಜನ ಹೆಚ್ಚಿದರು, ಜಾಗ ಸಾಲದು ಎಂದು ಹಳೆಯ ಹಂಚಿನ ಇಗರ್ಜಿಗಳನ್ನು ತೆಗೆದು ಕಾಂಕ್ರೀಟಿನವನ್ನು ಕಟ್ಟುವುದು ನಡೆಯುತ್ತಿದೆ. ಅವಶ್ಯಕತೆಯಿದ್ದರೆ ಕಟ್ಟಲಿ, ಹಿಂದಿನವರೂ ಕಟ್ಟಿದ್ದೇ ಹಾಗೆ. ಆದರೆ ಪಾಲನಾ ಮಂಡಳಿಯವರಲ್ಲಿ ನನ್ನದೊಂದು ವಿನಂತಿ: ಪಕ್ಕಾಸು ಇಳಿಸುವ ಮೊದಲು ಕಟ್ಟಡದ ಅಳತೆ ತೆಗೆಸಿ, ಫೋಟೋ ಹಿಡಿಸಿ. ಹಳೆಯ ಆಲ್ತಾರು, ಗಂಟೆ, ದಾಖಲೆ ಪುಸ್ತಕಗಳನ್ನು ಊರಲ್ಲೇ ಉಳಿಸಿಕೊಳ್ಳಿ. ಸಾಧ್ಯವಾದರೆ ಹಳೆಯದನ್ನು ಕೆಡವದೆ ಅದರ ಬದಿಯಲ್ಲೇ ಹೊಸದನ್ನು ಕಟ್ಟಿ.