ಅರಸರ ಪಿಯಾನೋ

ಸುರಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಹಳೆಯ ಪೇಟಿ ಇರುವದು. ನಮ್ಮ ಅಣ್ಣನವರು ಇಪ್ಪತ್ತರ ಹರೆಯದವರೆಗೆ ಶಹಾಪುರ, ಯಾದಗಿರಿಗಳ ಸುತ್ತಲಿನ ದೊಡ್ಡಾಟಗಳಲ್ಲಿ ಅದನ್ನು ನುಡಿಸಿದವರು. ತಂದೆಯವರು ತೀರಿಕೊಂಡ ಬಳಿಕ ಹೊಲ, ಸಾಲ, ತಂಗಿಯರ ಮದುವೆ ಎಲ್ಲವೂ ಅವರ ಹೆಗಲಿಗೆ ಬಂದು, ಪೇಟಿಗೆ ಅರಿವೆ ಹೊದಿಸಿದ್ದಾಯಿತು. ಮಕ್ಕಳು ಅದರ ತಿದಿಗೆ ಕೈಹಾಕಿದರೆ, "ಬ್ಯಾಡಪಾ, ಅದರ ತಂಟೀಗಿ ಹೋಗಬ್ಯಾಡ" ಎನ್ನುವರು. ಇದು ಬರಿಯ ಸಿಡುಕೆಂದು ನಾವು ಬಹುಕಾಲ ಬಗೆದಿದ್ದೆವು. ಹಾಗಲ್ಲವೆಂದು ತಿಳಿದದ್ದು ಓರ್ವ ಅರಸರ ಚರಿತ್ರೆಯನ್ನು ಓದಿದಾಗ.

ಮೈಸೂರಿನ ಜಯಚಾಮರಾಜ ಒಡೆಯರು 1919ರ ಜುಲೈ 18ರಂದು ಜನಿಸಿದವರು. ಪಾಶ್ಚಾತ್ಯ ಸಂಗೀತವನ್ನು ಶ್ರದ್ಧೆಯಿಂದ ಅಭ್ಯಸಿಸಿ, ಸಭೆಗಳಲ್ಲಿ ಪಿಯಾನೋ ನುಡಿಸುವ ವಾದಕರಾಗಬೇಕೆಂದು ಹಂಬಲಿಸಿದ್ದರು. ಆದರೆ 1940ರ ಮಾರ್ಚಿನಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರೂ, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಕಾಲವಾದರು. ಇಪ್ಪತ್ತೊಂದರ ತರುಣನಿಗೆ ಪಟ್ಟವಾಯಿತು; ಪಿಯಾನೋವಾದಕನ ಬಾಳು ಅಲ್ಲಿಗೇ ನಿಂತಿತು. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು 1945ರಲ್ಲಿ ಗೌರವ ಫೆಲೋ ಪದವಿಯನ್ನಿತ್ತು ಮನ್ನಿಸಿತೆಂಬುದು ನಿಜ. ಆದರೆ ಪದವಿಯು ಸಭೆಯ ಸುಖವನ್ನು ಕೊಡಲಾರದಷ್ಟೆ!

ತಾವು ಏರಲಾರದ ವೇದಿಕೆಯನ್ನು ಅವರು ಪರರಿಗಾಗಿ ಕಟ್ಟಿಸಿದರು. ರಶಿಯದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತರಚಕರು ಮುಪ್ಪಿನಲ್ಲಿ, ರೋಗ ಹತ್ತಿ, ಲಂಡನ್ನಿನಲ್ಲಿ ಮರೆತ ಮನುಷ್ಯರಂತೆ ಇದ್ದರು. ಮಹಾರಾಜರು ದ್ರವ್ಯವನ್ನೊದಗಿಸಿ ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಗ್ರಾಮಫೋನ ತಟ್ಟೆಗಳಲ್ಲಿ ಉಳಿಯಿಸಿದರು. ವಾದ್ಯವೃಂದದೊಡನೆ ಪಿಯಾನೋ ನುಡಿಸುವ ಮೂರು ಕಾಂಚೆರ್ಟೋಗಳೂ ಅವುಗಳಲ್ಲಿರುವವು. ಮೆಟ್ನರರು ಕೃತಜ್ಞತೆಯಿಂದ ಮೂರನೆಯದನ್ನು ಮಹಾರಾಜರಿಗೆ ಅರ್ಪಿಸಿದರು, 1951ರಲ್ಲಿ ತೀರಿಕೊಂಡರು. ಜರ್ಮನಿಯ ರಿಖಾರ್ಡ್ ಸ್ಟ್ರೌಸರ ಕಟ್ಟಕಡೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿ ಹಾಡಲ್ಪಟ್ಟುದಕ್ಕೂ ಮೈಸೂರಿನ ಹಣದ ಭರವಸೆಯೇ ಬೆಂಬಲ. ಆ ಸಭೆಗೆ ಮಹಾರಾಜರು ಹೋಗಲಾಗಲಿಲ್ಲ.

ಆದರೂ ಅವರ ಕೈ ಸುಮ್ಮನಿರಲಿಲ್ಲ. ವೆಂಕಟಗಿರಿಯಪ್ಪನವರಲ್ಲಿ ವೀಣೆಯನ್ನು ಕಲಿತು, ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಕರ್ನಾಟಕ ಸಂಗೀತದಲ್ಲಿ ತೊಡಗಿ, 'ಶ್ರೀವಿದ್ಯಾ' ಎಂಬ ಮುದ್ರಿಕೆಯಿಂದ 94 ಕೃತಿಗಳನ್ನು ರಚಿಸಿದರು. ಪಿಯಾನೋದಲ್ಲಿ ಮನೆಯನ್ನೊತ್ತಿದರೆ ಸುತ್ತಿಗೆಯು ತಂತಿಗೆ ಬಡಿಯುವದು. ಬಡಿದ ಸ್ವರವು ತಾನಾಗಿ ಕರಗುವದು, ಅದನ್ನು ಮೇಲೆ ಕೆಳಗೆ ಎಳೆಯಬರದು. ವೀಣೆಯ ತಂತಿಯಾದರೋ ಬೆರಳಿಗೆ ಬಾಗಿ ಗಮಕವನ್ನು ಕೊಡುವದು. (ನಮ್ಮ ಪೇಟಿಗೂ ಪಿಯಾನೋದಂತೆ ಗಮಕ ಒಗ್ಗದು; ಪೇಟಿಯವರು ಇದನ್ನು ಒಪ್ಪುವದಿಲ್ಲವೆಂಬುದು ಬೇರೆ ಮಾತು.)

1956ರ ನವೆಂಬರ 1ರಂದು ನಮ್ಮ ಮೂರೂ ತಾಲೂಕುಗಳು ಮೈಸೂರು ರಾಜ್ಯದಲ್ಲಿ ಕೂಡಿದಾಗ ಇದೇ ಒಡೆಯರು ರಾಜ್ಯಪಾಲರಾಗಿದ್ದರು. ನಮ್ಮ ಹಿರಿಯರು ಅವರ ಹೆಸರನ್ನು ಬಲ್ಲರು. ಅವರ ಪಿಯಾನೋವನ್ನು ಬಲ್ಲವರಿರಲಿಲ್ಲ. 1974ರಲ್ಲಿ ಅವರು ತೀರಿಕೊಂಡರು.

ಅರಸರಿಗೂ ಒಕ್ಕಲಿಗರಿಗೂ ಏನು ಹೋಲಿಕೆ ಎಂದು ವಾಚಕರು ನಕ್ಕಾರು. ಅರಸರಿಗೆ ಬೊಕ್ಕಸವಿತ್ತು, ಲಂಡನ್ನಿಗೂ ಅವರ ಮಾತು ಮುಟ್ಟುತ್ತಿತ್ತು. ನಮ್ಮ ಅಣ್ಣನವರಿಗೆ ಅದೊಂದೂ ಇರಲಿಲ್ಲ. ಆದರೂ ಮೊನ್ನೆ ಸಂಜೆ ಆ ಮೂರನೆಯ ಕಾಂಚೆರ್ಟೋವನ್ನು ಅವರಿಗೆ ಮೊಬೈಲಿನಲ್ಲಿ ಕೇಳಿಸಿ ಕಥೆಯನ್ನೆಲ್ಲ ಹೇಳಿದೆವು. ಅವರು ಕಣ್ಣು ಮುಚ್ಚಿ ಕಡೆಯವರೆಗೂ ಕೇಳಿದರು. "ಆಮ್ಯಾಲ ಅರಸರು ಪಿಯಾನೋ ಮುಟ್ಟಿದ್ರೇನು?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಮರುದಿನ ಹೊಲಕ್ಕೆ ಹೋಗುವ ಮುನ್ನ ಅವರೇ ಪೇಟಿಯ ಅರಿವೆಯನ್ನು ತೆಗೆದು ನೋಡಿದರು. ತಿದಿಯನ್ನು ಇಲಿ ಕಡಿದಿದೆ, ಎರಡು ಸ್ವರ ನುಡಿಯವು. ಯಾದಗಿರಿಯಲ್ಲಿ ಅದನ್ನು ಸರಿಮಾಡುವವರು ಯಾರಾದರೂ ಇರುವರೋ ಎಂದು ವಿಚಾರಿಸಲು ನಮಗೆ ಹೇಳಿದ್ದಾರೆ.