ಅಜ್ಜಿಯ ಕೋರ್ಟ್ ಫೀ ನನ್ನ ಖಾತೆಯಲ್ಲಿದ್ದಾಗ

ಜರ್ನಲಿಸಂ ಓದಿ ಕೊನೆಗೆ ಕರಿಕೋಟು ಹಾಕಿದವನು ನಮ್ಮ ಬ್ಯಾಚಿನಲ್ಲಿ ನಾನೊಬ್ಬನೇ. ಎರಡು ವರ್ಷ ಪತ್ರಿಕೆಯಲ್ಲಿ ದುಡಿದು, ಎಲ್‌ಎಲ್‌ಬಿ ಮುಗಿಸಿ, ಸೀನಿಯರ್ ಒಬ್ಬರ ಹತ್ತಿರ ಫೈಲು ಹೊತ್ತು, ತಿಪಟೂರಿನಲ್ಲಿ ಸ್ವಂತ ಆಫೀಸು ತೆರೆದೆ. ಒಂದು ರೂಮು, ಒಂದು ಟೇಬಲ್ಲು, ಮೂರು ಕುರ್ಚಿ, ಹಳೇ ಬೀರು. ಆಗ ಮಾಡಿದ ಒಂದು ತಪ್ಪನ್ನು ಇವತ್ತು ಬರೆಯುತ್ತಿದ್ದೇನೆ. ಇದು ಅಮ್ಮನಿಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿಲ್ಲ.

ಎರಡನೇ ತಿಂಗಳಲ್ಲಿ ಪಕ್ಕದ ಊರಿನ ಅಜ್ಜಿಯೊಬ್ಬರು ಬಂದರು. ನೆಂಟರಿಗೆ ಒಂದೂವರೆ ಲಕ್ಷ ಕೈಸಾಲ ಕೊಟ್ಟು ಪ್ರೋನೋಟು ಬರೆಸಿಕೊಂಡಿದ್ದರು. ಇಂಥ ಸಾಲಕ್ಕೆ ನೋಟು ಬರೆದ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು. ನಡುವೆ ಬಡ್ಡಿ ಕೊಟ್ಟು ಸಹಿ ಮಾಡಿದ್ದರೆ ಬೇರೆ ಮಾತು. ಇಲ್ಲದಿದ್ದರೆ ಸಾಲ ಎಷ್ಟೇ ನಿಜವಾದರೂ ಕೋರ್ಟು ಕೊಡಿಸುವುದಿಲ್ಲ. ಅಜ್ಜಿಗೆ ಇನ್ನು ಒಂದೂವರೆ ತಿಂಗಳು ಉಳಿದಿತ್ತು.

ಕೊಬ್ಬರಿ ಮಾರಿದ ದುಡ್ಡು, ಹದಿನೆಂಟು ಸಾವಿರ, ಸೆರಗಿನ ಗಂಟಿನಿಂದ ಬಿಚ್ಚಿ ಎಣಿಸಿ ಕೊಟ್ಟರು. ಕೋರ್ಟ್ ಫೀಗೆ ಹತ್ತು ಸಾವಿರದ ಆಸುಪಾಸು, ಉಳಿದದ್ದು ನನ್ನ ಫೀಸು ಮತ್ತು ಚಿಲ್ಲರೆ ಖರ್ಚು. ರಸೀದಿ ಅವರು ಕೇಳಲಿಲ್ಲ, ನಾನೂ ಕೊಡಲಿಲ್ಲ. ಅಷ್ಟನ್ನೂ ನನ್ನ ಎಸ್‌ಬಿ ಖಾತೆಗೆ ಕಟ್ಟಿದೆ.

ಎಡವಿದ್ದು ಅಲ್ಲೇ. ಫೋನಿನಲ್ಲಿ ಬ್ಯಾಲೆನ್ಸ್ ನೋಡಿದರೆ ಯಾವುದು ಅಜ್ಜಿಯದು, ಯಾವುದು ನನ್ನದು ಅಂತ ಅದು ಹೇಳುವುದಿಲ್ಲ. ರೂಮಿನ ಮಾಲೀಕರು ಬಾಕಿ ಅಡ್ವಾನ್ಸ್ ಕೇಳಿದರು, ಕೊಟ್ಟೆ. ತಂಗಿಯ ಪರೀಕ್ಷೆ ಫೀಸು ಬಂತು, ಕಟ್ಟಿದೆ. ಬೈಕು ಕೈ ಕೊಟ್ಟಿತು. ಪ್ರತಿ ಸಲವೂ 'ಮುಂದಿನ ವಾರ ಇನ್ನೊಬ್ಬರು ಫೀಸು ಕೊಡ್ತಾರಲ್ಲ' ಎಂದುಕೊಂಡೆ. ಆ ಇನ್ನೊಬ್ಬರು ಕೊಬ್ಬರಿ ರೇಟು ಏರಲಿ ಎಂದು ಕಾಯುತ್ತಾ ಕೂತಿದ್ದರು.

ಗಡುವಿಗೆ ಆರು ದಿನ ಇದ್ದಾಗ ಖಾತೆಯಲ್ಲಿದ್ದದ್ದು 2,300 ರೂಪಾಯಿ.

ದಾವೆ ಹಾಕಿ, ಕೋರ್ಟ್ ಫೀ ಕಟ್ಟಲು ಸಮಯ ಕೊಡಿ ಎಂದು ಅರ್ಜಿ ಹಾಕಬಹುದು. ಆದರೆ ಕಕ್ಷಿದಾರರು ದುಡ್ಡು ಕೊಟ್ಟಾಗಿದೆ, ಲಾಯರು ಖರ್ಚು ಮಾಡಿಕೊಂಡಿದ್ದಾನೆ ಅಂತ ಅರ್ಜಿಯಲ್ಲಿ ಬರೆಯಲಾಗುತ್ತದೆಯೇ? ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಬೈಯ್ಯಲಿಲ್ಲ. ಕಿವಿಯ ಓಲೆ ಬಿಚ್ಚಿ ಟೇಬಲ್ ಮೇಲಿಟ್ಟು ಒಳಗೆ ಹೋದರು. ಅಡವಿಟ್ಟು ದುಡ್ಡು ತಂದು, ಗಡುವು ಮುಗಿಯಲು ಎರಡು ದಿನ ಇದ್ದಾಗ ದಾವೆ ದಾಖಲಿಸಿದೆ. ಓಲೆ ಬಿಡಿಸಲು ಎಂಟು ತಿಂಗಳು ಹಿಡಿಯಿತು. ಅಷ್ಟು ದಿನವೂ ಅಮ್ಮ ಕಿವಿಗೆ ಬೇವಿನ ಕಡ್ಡಿ ಇಟ್ಟುಕೊಂಡಿದ್ದರು.

ಆಮೇಲೆ ಬಾರ್ ಕೌನ್ಸಿಲ್ ನಿಯಮಗಳನ್ನು ತೆಗೆದು ಓದಿದೆ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದೆ. ಕಕ್ಷಿದಾರರಿಂದ ಬಂದ ಹಣ ಫೀಸಿಗೋ ಖರ್ಚಿಗೋ ಎಂದು ವಕೀಲ ಲೆಕ್ಕದಲ್ಲಿ ಬರೆದಿಡಬೇಕು. ಕೇಸು ನಡೆಯುತ್ತಿರುವಾಗ ಖರ್ಚಿನ ಹಣವನ್ನು ಫೀಸಿಗೆ ತಿರುಗಿಸಿಕೊಳ್ಳಬೇಕೆಂದರೆ ಕಕ್ಷಿದಾರರ ಲಿಖಿತ ಒಪ್ಪಿಗೆ ಬೇಕು. ಲೆಕ್ಕದ ಪ್ರತಿ ಕೇಳಿದರೆ ಕೊಡಬೇಕು. ಇದನ್ನು ಓದುತ್ತಿರುವ ನೀವು ಯಾವ ಲಾಯರಿಗಾದರೂ ದುಡ್ಡು ಕೊಟ್ಟಿದ್ದರೆ ಲೆಕ್ಕ ಕೇಳಿ. ನಿಮಗೆ ಆ ಹಕ್ಕಿದೆ. ಒಳ್ಳೆಯ ಲಾಯರು ಬೇಜಾರು ಮಾಡಿಕೊಳ್ಳುವುದಿಲ್ಲ.

ಈಗ ನನಗೆ ಎರಡು ಖಾತೆ. ಒಂದಕ್ಕೆ ಕಕ್ಷಿದಾರರ ಖರ್ಚಿನ ಹಣ ಮಾತ್ರ, ಅದನ್ನು ಫೋನಿನ ಯಾವ ಆ್ಯಪ್‌ಗೂ ಜೋಡಿಸಿಲ್ಲ. ಇನ್ನೊಂದು ನನ್ನ ಫೀಸಿಗೆ. ರಸೀದಿ ಪುಸ್ತಕದಲ್ಲಿ ಎರಡು ಕಲಂ.

ಇದರಿಂದ ತೆರಿಗೆ ಲೆಕ್ಕವೂ ಸಲೀಸಾಯಿತು. ವರ್ಷದ ಫೀಸು 50 ಲಕ್ಷದೊಳಗಿರುವ ವಕೀಲರು, ಡಾಕ್ಟರು, ಎಂಜಿನಿಯರು ಮುಂತಾದವರು ಬಂದ ಫೀಸಿನಲ್ಲಿ ಅರ್ಧವನ್ನು ಆದಾಯ ಎಂದು ತೋರಿಸಿ ರಿಟರ್ನ್ಸ್ ಹಾಕಬಹುದು, ಖರ್ಚಿನ ಒಂದೊಂದು ಚೀಟಿ ಜೋಪಾನ ಮಾಡಬೇಕಿಲ್ಲ. ಹಳೇ ಕಾಯ್ದೆಯಲ್ಲಿ ಇದು 44ಎಡಿಎ ಸೆಕ್ಷನ್. ಆದರೆ ಕೋರ್ಟ್ ಫೀ, ಸ್ಟಾಂಪಿನ ದುಡ್ಡೆಲ್ಲ ಒಂದೇ ಖಾತೆಗೆ ಬಿದ್ದಿದ್ದರೆ ಯಾವುದು ಫೀಸು ಎಂದು ಬೇರ್ಪಡಿಸುವುದು ಹೇಗೆ? ಲೆಕ್ಕವಿಲ್ಲದಿದ್ದರೆ ಅಜ್ಜಿಯ ದುಡ್ಡೂ ನನ್ನ ಸಂಪಾದನೆ ಅಂತಲೇ ಕಾಣುತ್ತದೆ.

ಆಫೀಸು ತೆರೆದ ಹೊಸದರಲ್ಲಿ ಒಬ್ಬರು ಬಂದು, ಜಿಎಸ್‌ಟಿ ಮಾಡಿಸಲೇಬೇಕು, ಐದು ಸಾವಿರ ಕೊಡಿ ಎಂದಿದ್ದರು. ಒಂಟಿಯಾಗಿ ಪ್ರಾಕ್ಟೀಸ್ ಮಾಡುವ ವಕೀಲ ಜನಸಾಮಾನ್ಯರಿಗೆ ಕೊಡುವ ಸೇವೆಗೆ ಜಿಎಸ್‌ಟಿ ಇಲ್ಲ. ದೊಡ್ಡ ವ್ಯಾಪಾರ ಸಂಸ್ಥೆಗಳ ಕೆಲಸ ಮಾಡಿದರೆ ತೆರಿಗೆಯನ್ನು ಆ ಸಂಸ್ಥೆಯೇ ಕಟ್ಟುತ್ತದೆ. ಪುಣ್ಯಕ್ಕೆ ಆಗ ಕೊಡಲು ನನ್ನ ಹತ್ತಿರ ಐದು ಸಾವಿರ ಇರಲಿಲ್ಲ.

ಲಾ ಓದುತ್ತಿರುವ ನಮ್ಮೂರ ಕಡೆಯ ಹುಡುಗ ಹುಡುಗಿಯರಿಗೆ ಇನ್ನೊಂದು ಮಾತು. ನಾನು ಸನ್ನದು ಮಾಡಿಸಿದಾಗ ಶುಲ್ಕ ಸಾವಿರಗಳಲ್ಲಿತ್ತು, ಸಾಲ ಮಾಡಿ ಕಟ್ಟಿದ್ದೆ. 2024ರ ಜುಲೈ 30ರಂದು ಸುಪ್ರೀಂ ಕೋರ್ಟು, ಕಾಯ್ದೆಯಲ್ಲಿ ಇರುವುದಕ್ಕಿಂತ ಹೆಚ್ಚು ನೋಂದಣಿ ಶುಲ್ಕ ವಸೂಲು ಮಾಡುವಂತಿಲ್ಲ ಎಂದಿತು. ಅಂದರೆ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 125. ಹಿಂದೆ ಕಟ್ಟಿದವರಿಗೆ ವಾಪಸಿಲ್ಲ, ನನ್ನದು ಹೋದಂತೆಯೇ.

ರೂಮಿನ ಬಾಡಿಗೆ ಕರಾರಿನ ವಿಷಯ ಹೇಳಲು ನಾಚಿಕೆ. ಊರಿಗೆಲ್ಲ ಕರಾರು ಬರೆಯುವ ನಾನು ನನ್ನ ರೂಮಿಗೆ ಒಂದು ವರ್ಷ ಬಾಯಿಮಾತಿನಲ್ಲೇ ಇದ್ದೆ. ಈಗ ಹನ್ನೊಂದು ತಿಂಗಳ ಕರಾರು, ಕೊಟ್ಟ ಅಡ್ವಾನ್ಸ್ ಎಷ್ಟೆಂದು ಅದರಲ್ಲಿದೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯಾದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು.

ಅಜ್ಜಿಯ ಕೇಸು ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ. ಬಂತು. ಅಜ್ಜಿ ನಂಬಲಿಲ್ಲ.

"ಕೋರ್ಟಿಗೆ ಹೋದ ದುಡ್ಡು ತಿರುಗಿ ಬರ್ತೈತೇನಪ್ಪಾ?"

"ಬರ್ತದೆ ಅಜ್ಜಿ, ಅದು ನಿಮ್ಮದೇ."

ನೋಟುಗಳನ್ನು ಎರಡು ಸಲ ಎಣಿಸಿ, ಐನೂರರ ಒಂದು ನೋಟು ತೆಗೆದು ನನ್ನ ಮುಂದಿಟ್ಟರು. "ನೀನು ಜೋಪಾನ ಮಾಡಿದ್ದಕ್ಕೆ" ಎಂದರು. ನನಗೆ ತಲೆ ಎತ್ತಿ ನೋಡಲಾಗಲಿಲ್ಲ. ನೋಟನ್ನು ಅವರ ಕಡೆಗೇ ಸರಿಸಿ, ರಸೀದಿ ಪುಸ್ತಕ ತೆಗೆದು, ಪೂರ್ತಿ ಹಣ ಹಿಂತಿರುಗಿಸಿದೆ ಎಂದು ಬರೆದು ಅವರ ಹೆಬ್ಬೆಟ್ಟು ಒತ್ತಿಸಿಕೊಂಡೆ.