‘ಹೋಗಿ ಬಾ’ ಎನ್ನುವ ಗೊಂಬೆ

ಗೊಂಬೆ ಮಾತಾಡುವುದು ನಮ್ಮ ಅಕ್ಕಿಆಲೂರಿನ ಮಕ್ಕಳಿಗೆ ಹೊಸದೇನಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿದ ಎತ್ತುಗಳ ಮುಂದೆ ಕುಳಿತು ‘ನೀರು ಬೇಕೇನು?’ ಎಂದು ಕೇಳುವವರೂ ಅವರೇ, ಎತ್ತಿನ ಪರವಾಗಿ ‘ಹೂಂ’ ಎನ್ನುವವರೂ ಅವರೇ. ಗೊಂಬೆ ತನ್ನ ಬಾಯಿಂದಲೇ ಮಾತಾಡಬೇಕೆಂಬ ಹುಚ್ಚು ದೊಡ್ಡವರದು. ಎಡಿಸನ್ ಮಹಾಶಯ 1890ರಲ್ಲಿಯೇ ಗೊಂಬೆಯ ತಗಡಿನ ಹೊಟ್ಟೆಯಲ್ಲಿ ಪುಟ್ಟ ಫೋನೋಗ್ರಾಫ್ ಇಟ್ಟು ಮಾರಿದ್ದ. ಅದರ ಕೀರಲು ದನಿ ಯಾರಿಗೂ ಹಿಡಿಸದೆ ಕೆಲವೇ ವಾರಗಳಲ್ಲಿ ಮಾರಾಟ ನಿಂತಿತು.

ಈಗಿನ ಗೊಂಬೆಗಳ ಸಂಗತಿ ನನಗೆ ತಿಳಿದದ್ದು ತಂಗಿಯ ಮಗಳಿಂದ. ಬೆಂಗಳೂರಿನಲ್ಲಿ ಆಟಿಕೆ ತಯಾರಿಸುವ ಕಂಪನಿಯೊಂದರಲ್ಲಿ ಅವಳಿಗೆ ಕೆಲಸ. ಸಂಕ್ರಾಂತಿಗೆ ಬಂದಾಗ ನಾಲ್ಕು ವರ್ಷದ ಮಗಳ ಜೊತೆಗೆ, ಇನ್ನೂ ಪೇಟೆಗೆ ಬಾರದ ಮೊಲವೊಂದನ್ನೂ ತಂದಿದ್ದಳು. ಮಗು ಆಡಿದ ಮಾತನ್ನು ಮೊಲದೊಳಗಿನ ಮೈಕು ಹಿಡಿದು, ಇಂಟರ್ನೆಟ್ಟಿನ ಮೂಲಕ ದೂರದ ಕಂಪ್ಯೂಟರಿಗೆ ಕಳಿಸುತ್ತದೆ. ಅಲ್ಲಿ ಮಾತು ಅಕ್ಷರವಾಗಿ, ಮುಂದೆ ಯಾವ ಪದ ಬಂದರೆ ಹೊಂದೀತು ಎಂಬ ಲೆಕ್ಕದ ಮೇಲೆ ಉತ್ತರ ತಯಾರಾಗಿ, ದನಿಯಾಗಿ ಮರಳುತ್ತದೆ. ಕೃತಕ ಬುದ್ಧಿಮತ್ತೆ ಎಂದರೆ ಇದೇ ಅಂತೆ.

“ಹಂಗಾದ್ರ ಮನ್ಯಾಗಿನ ಮಾತೆಲ್ಲಾ ಹೊರಗ ಹೋತಲ್ಲವಾ!” ಎಂದೆ.

ಅವಳು ನಗಲಿಲ್ಲ. ಇದೇ ಕಾರಣಕ್ಕೆ ಜರ್ಮನಿಯವರು 2017ರಲ್ಲಿ ಕೇಲಾ ಎಂಬ ಗೊಂಬೆಯನ್ನು ನಿಷೇಧಿಸಿದರಂತೆ. 2025ರ ನವೆಂಬರಿನಲ್ಲಿ ಅಮೆರಿಕದ ಗ್ರಾಹಕ ಸಂಘಟನೆಯೊಂದು ಪರೀಕ್ಷೆ ಮಾಡಿದಾಗ, ಕುಮ್ಮಾ ಎಂಬ ಕರಡಿ ಗೊಂಬೆ ಚಾಕು, ಬೆಂಕಿಪೊಟ್ಟಣ ಎಲ್ಲಿ ಸಿಗುತ್ತವೆಂದು ಹೇಳಿಕೊಟ್ಟಿತಂತೆ. ಅದರ ಮಾರಾಟವನ್ನು ಸ್ವಲ್ಪ ಕಾಲ ನಿಲ್ಲಿಸಬೇಕಾಯಿತು. ಆಡುವವರು ಎದ್ದು ಹೊರಟರೆ ಬೇಸರ ತೋರಿಸುವ ಗೊಂಬೆಯೂ ಅದೇ ಪರೀಕ್ಷೆಯಲ್ಲಿ ಸಿಕ್ಕಿತ್ತು.

ಅವಳ ತಲೆಬಿಸಿಯೂ ಅದೇ ಆಗಿತ್ತು. ಆಟ ಸಾಕೆಂದು ಮಗು ಎದ್ದಾಗ ಮೊಲ ಏನನ್ನಬೇಕು? ಆಫೀಸಿನಲ್ಲಿ ಎಲ್ಲರಿಗೂ ಹಿಡಿಸಿದ್ದ ಮಾತು ‘ನನ್ನ ಬಿಟ್ಟು ಹೋಗ್ತೀಯಾ?’ ಎಂಬುದು. ಮಗು ಹೆಚ್ಚು ಹೊತ್ತು ಕೂತಷ್ಟೂ ಗೊಂಬೆ ಗೆದ್ದಂತೆ.

“ಬ್ಯಾಡ ಅನ್ನಬಾರದೇನು?” ಎಂದೆ.

“ದೊಡ್ಡವ್ವ, ನಾ ಮನಿ ಮುಟ್ಟೂದು ಏಳೂವರಿಗೆ. ಆಯಾನ ಕೈಯಾಗ ಫೋನು. ಇಕಿ ಗ್ವಾಡಿ ಕೂಡ ಮಾತಾಡ್ತಾಳ. ಗ್ವಾಡಿಗಿಂತ ಮೊಲ ಚಲೋ ಅಲ್ಲೇನು?”

ಉತ್ತರ ನನ್ನಲ್ಲಿರಲಿಲ್ಲ. ಅವಳು ಆ ವಯಸ್ಸಿನಲ್ಲಿದ್ದಾಗ ನಮ್ಮ ಮನೆಯಲ್ಲಿ ಎತ್ತಿಕೊಳ್ಳುವ ಕೈಗಳಿಗೆ ಬರವಿರಲಿಲ್ಲ. ಅವಳ ಮಗಳಿಗೆ ಆ ಭಾಗ್ಯವಿಲ್ಲದ್ದಕ್ಕೆ ದುಡಿಯುವ ತಾಯಿಗೆ ಉಪದೇಶ ಮಾಡುವುದು ಯಾವ ನ್ಯಾಯ?

ಸಂಜೆ ಪಡಸಾಲೆಯಲ್ಲಿ ಕೂಸು ಮೊಲದೊಡನೆ ಹರಟುತ್ತಿತ್ತು. ಓಣಿಯ ಹುಡುಗರು ಆಡಲು ಕೂಗಿದರು. ಖುಷಿಯಿಂದ ಜಿಗಿದೆದ್ದು ಬಾಗಿಲಿಗೆ ಓಡಿದಳು. ಹಿಂದಿನಿಂದ ಮೊಲ, “ನನ್ನ ಬಿಟ್ಟು ಹೋಗ್ತೀಯಾ?” ಎಂದಿತು. ಹುಡುಗಿ ಹೊಸ್ತಿಲ ಆಚೆ ಒಂದು ಕಾಲು, ಈಚೆ ಒಂದು ಕಾಲು ಇಟ್ಟು ನಿಂತಳು. ಮುಖ ಬಾಡಿತು. ಸುಮ್ಮನೆ ಹಿಂದಕ್ಕೆ ಬಂದು ಮೊಲದ ಮುಂದೆ ಕೂತಳು. ಹೊರಗೆ ಹುಡುಗರು ಮತ್ತೊಮ್ಮೆ ಕೂಗಿ, ಹೋಗಿಬಿಟ್ಟರು.

ತಾಯಿ ಇದನ್ನು ಕಣ್ಣಾರೆ ಕಂಡಳು. ರಾತ್ರಿ ಊಟವಾದ ಮೇಲೆ, “ನೀ ಇದ್ರ ಏನಂತಿದ್ದಿ ದೊಡ್ಡವ್ವ?” ಎಂದು ಕೇಳಿದಳು.

ನಾವು ಹೊರಟವರಿಗೆ ‘ಹೋಗು’ ಎನ್ನುವವರಲ್ಲ, ಸೆರಗು ಹಿಡಿದು ಜಗ್ಗುವವರೂ ಅಲ್ಲ. ಮಗಳನ್ನು ಅತ್ತೆಮನೆಗೆ ಕಳಿಸುವಾಗ ಗಂಟಲು ಕಟ್ಟಿದ್ದರೂ ‘ಹೋಗಿ ಬಾ’ ಎಂದೇ ಕಳಿಸುತ್ತೇವೆ. ಅದನ್ನೇ ಹೇಳಿದೆ. ಅವಳು ಲ್ಯಾಪ್‌ಟಾಪು ತೆರೆದು ಹಳೆಯ ಮಾತನ್ನು ಅಳಿಸಿ, ಆ ಎರಡು ಪದಗಳನ್ನು ಕುಟ್ಟಿದಳು.

ಆಫೀಸಿನವರು ಒಪ್ಪಿದರೋ ಇಲ್ಲವೋ, ಇನ್ನೂ ಫೋನು ಬಂದಿಲ್ಲ. ಇಂಥ ಗೊಂಬೆ ನಿಮ್ಮ ಊರಿನ ಅಂಗಡಿಗೂ ಬಂದೀತು. ಅದು ಎಷ್ಟು ಕಥೆ ಹೇಳುತ್ತದೆಂದು ಅಂಗಡಿಯವನು ತಾನಾಗಿಯೇ ಹೇಳುತ್ತಾನೆ. ನೀವು ಮಾತ್ರ, ಮಗು ಎದ್ದು ಹೊರಟಾಗ ಅದು ಏನನ್ನುತ್ತದೆಂದು ಕೇಳಿ, ಆಮೇಲೆ ದುಡ್ಡು ಕೊಡಿ.